ಕ್ರೂಸ್ ಕೆಟ್ಟಿತೆಂದು ಕ್ರೂಸನ್ನೇ ಬದಲಿಸುವವರು

ಸಿಡ್ನಿಯಿಂದ ಮೆಲ್ಬರ್ನ್‌ಗೆ ಹ್ಯೂಮ್ ಹೈವೇ ಹಿಡಿದರೆ ಸುಮಾರು 880 ಕಿ.ಮೀ. ದಾರಿ, ಬಹುಪಾಲು 110ರ ಮಿತಿ. ಕೊನೆಯ ಹಂತದಲ್ಲಿ, ಬ್ರಾಡ್‌ಫರ್ಡ್‌ನಿಂದ ಕ್ರೇಗೀಬರ್ನ್‌ವರೆಗೆ, ಸರಾಸರಿ ವೇಗ ಲೆಕ್ಕ ಹಾಕುವ ಕ್ಯಾಮೆರಾಗಳು ಕಾದಿರುತ್ತವೆ. ಇಂಥ ದಾರಿಯಲ್ಲಿ ಕ್ರೂಸ್ ಕಂಟ್ರೋಲ್ ಕೈಕೊಟ್ಟರೆ ಕಾಲು ನೋವೂ ಹೌದು, ದಂಡದ ಭಯವೂ ಹೌದು. ನಮ್ಮವರ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಈ ಗೋಳು ಹೇಳಿಕೊಂಡರೆ ಸಾಕು, ಉತ್ತರ ಸಿದ್ಧವಾಗಿರುತ್ತದೆ: "ಒಂದು ಒಬಿಡಿ ಸ್ಕ್ಯಾನರ್ ತಗೊಳ್ಳಿ ಸಾರ್, ಯಾವ ಪಾರ್ಟ್ ಹೋಗಿದೆ ಅಂತ ಅದೇ ಹೇಳುತ್ತೆ."

ಹೇಳುವುದಿಲ್ಲ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಮಾತ್ರ ಸಾಯುತ್ತಿಲ್ಲ. ಸ್ಕ್ಯಾನರ್‌ನಲ್ಲಿ ಪಿ0571 ಎಂಬ ಕೋಡ್ ಬಂತು ಅನ್ನಿ. ಮೊಬೈಲಿನಲ್ಲಿ ಹುಡುಕಿದರೆ 'ಬ್ರೇಕ್ ಸ್ವಿಚ್' ಎಂದು ಕಾಣುತ್ತದೆ, ಕೂಡಲೇ ಸ್ವಿಚ್ ಆರ್ಡರ್ ಆಗುತ್ತದೆ. ಹೊಸ ಸ್ವಿಚ್ ಕೂತ ಮೇಲೂ ಕ್ರೂಸ್ ಏಳದಿದ್ದಾಗ ಸ್ಟೇರಿಂಗ್ ಗುಂಡಿಗಳು, ಅದಾದ ಮೇಲೆ ಕಾರಿನ ಕಂಪ್ಯೂಟರ್. ಆ ಕೋಡ್‌ನ ಅರ್ಥ ಇಷ್ಟೇ: ಬ್ರೇಕ್ ಸ್ವಿಚ್ ಇರುವ ಸರ್ಕ್ಯೂಟ್‌ನಿಂದ ಬಂದ ಸುದ್ದಿ ಕಂಪ್ಯೂಟರಿಗೆ ಒಪ್ಪಿಗೆಯಾಗಲಿಲ್ಲ. ತಪ್ಪು ಸ್ವಿಚ್ಚಿನದೋ ವೈರಿನದೋ ಪ್ಲಗ್ಗಿನದೋ ಬಲ್ಬಿನದೋ ಅದಕ್ಕೆ ಗೊತ್ತಿಲ್ಲ. ತಮಾಷೆಯೆಂದರೆ ಈ ಸಲಹೆ ಕೊಡುವವರಲ್ಲಿ ಅರ್ಧ ಜನ ಸಾಫ್ಟ್‌ವೇರ್‌ನವರು. 214ನೇ ಸಾಲಿನಲ್ಲಿ ಎರರ್ ಬಂತೆಂದು ಅವರು ಆಫೀಸಿನಲ್ಲಿ ಆ ಸಾಲನ್ನೇ ಅಳಿಸಿ ಮನೆಗೆ ಹೋಗುತ್ತಾರೆಯೇ?

ಕ್ರೂಸ್‌ನ ಸ್ವಭಾವವೇ ಅನುಮಾನದ್ದು. ಬ್ರೇಕ್, ಕ್ಲಚ್, ಚಕ್ರದ ವೇಗ, ಎಂಜಿನ್, ಇವುಗಳಲ್ಲಿ ಒಂದರ ಮೇಲೆ ಸಂಶಯ ಬಂದರೂ ಅದು ಕೆಲಸಕ್ಕೆ ಒಲ್ಲೆ ಎನ್ನುತ್ತದೆ, ಹಾಗೆಂದೇ ಕಟ್ಟಿದ್ದಾರೆ. ಸುಬಾರುವಿನಲ್ಲಿ ಎಂಜಿನ್ ದೀಪ ಹೊತ್ತಿದರೆ ಕ್ರೂಸ್ ದೀಪವೂ ಮಿಣುಕತೊಡಗುತ್ತದೆ, ಕ್ರೂಸ್ ಬಂದ್. ಅಲ್ಲಿ ಕ್ರೂಸಿಗೆ ಏನೂ ಆಗಿರುವುದಿಲ್ಲ, ಎಂಜಿನ್ನಿನ ಯಾವುದೋ ಸೆನ್ಸರ್ ತಕರಾರು ತೆಗೆದಿರುತ್ತದೆ. ಕ್ರೂಸ್ ಹೋಗಿದೆ ಎಂದು ಬರುವ ಕಾರುಗಳಲ್ಲಿ ಕ್ರೂಸನ್ನು ಕಟ್ಟಕಡೆಗೆ ಶಂಕಿಸಬೇಕು.

ಹಾಗಾದರೆ ಮೊದಲು ನೋಡಬೇಕಾದ್ದೇನು? ಹಿಂದಿನ ಬ್ರೇಕ್ ದೀಪ. ಒಬ್ಬರು ಪೆಡಲ್ ಒತ್ತಲಿ, ಇನ್ನೊಬ್ಬರು ಹಿಂದೆ ನಿಂತು ಮೂರೂ ದೀಪ ನೋಡಲಿ. ಕೆಲವು ಹಳೆಯ ಮಾದರಿಗಳಲ್ಲಿ ಕ್ರೂಸ್‌ನ ಪೆಟ್ಟಿಗೆ ಆ ಬಲ್ಬುಗಳ ತಂತಿಯ ಮೂಲಕವೇ ಅರ್ತ್ ಇದೆಯೇ ಎಂದು ನೋಡಿಕೊಳ್ಳುತ್ತದೆ. ಬಲ್ಬುಗಳು ಸುಟ್ಟಿದ್ದರೆ, ಅಥವಾ ಚೆಂದಕ್ಕೆಂದು ಎಲ್‌ಇಡಿ ಹಾಕಿಸಿದ್ದರೆ, ಕ್ರೂಸ್ ಹಿಡಿಯದು. ಎಷ್ಟೋ ಕಾರುಗಳ ಬ್ರೇಕ್ ಸ್ವಿಚ್ಚಿನೊಳಗೆ ಎರಡು ಜೋಡಿ ಕಾಂಟ್ಯಾಕ್ಟ್ ಇರುತ್ತವೆ. ಪೆಡಲ್ ಒತ್ತಿದಾಗ ಒಂದು ಕೂಡಿಕೊಂಡು ದೀಪ ಹೊತ್ತಿಸುತ್ತದೆ, ಇನ್ನೊಂದು ಬಿಟ್ಟುಕೊಂಡು ಕ್ರೂಸ್ ಕಡಿಯುತ್ತದೆ. ಎರಡೂ ತಾಳ ತಪ್ಪಿದರೆ ಕೋಡ್. ಸ್ಕ್ಯಾನರ್‌ನ ನಿಜವಾದ ಉಪಯೋಗ ಬರುವುದು ಇಲ್ಲಿ: ಲೈವ್ ಡೇಟಾ ತೆರೆದಿಟ್ಟು ಪೆಡಲನ್ನು ನಿಧಾನ ಒತ್ತಿ, ಬಿಟ್ಟು, ಎರಡೂ ಸಂಕೇತ ಜೊತೆಜೊತೆಗೆ ಬದಲಾಗುತ್ತವೆಯೇ ನೋಡುವುದು. ಅಗ್ಗದ ಸ್ಕ್ಯಾನರ್ ಡಾಂಗಲ್‌ಗಳಲ್ಲಿ ಬಹಳಷ್ಟಕ್ಕೆ ಅದು ಕಾಣುವುದೂ ಇಲ್ಲ.

ಮಲ್ಟಿಮೀಟರ್ ಇರುವವರೂ ಎಡವುವ ಜಾಗ ಒಂದಿದೆ. ವೈರಿನ ಎರಡು ತುದಿಗೆ ಕಡ್ಡಿ ಮುಟ್ಟಿಸಿದಾಗ 'ಬೀಪ್' ಎಂದರೆ ವೈರ್ ಸರಿ ಎಂದು ತೀರ್ಮಾನ. ಒಳಗೆ ಹತ್ತಾರು ಎಳೆ ಹರಿದು ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ! ಬ್ರೇಕ್ ದೀಪ ಉರಿಯುತ್ತಿರುವಾಗಲೇ, ಕರೆಂಟ್ ಹರಿಯುತ್ತಿರುವಾಗಲೇ, ವೋಲ್ಟೇಜ್ ಎಲ್ಲಿ ಬೀಳುತ್ತಿದೆ ಎಂದು ಅಳೆಯಬೇಕು. ಬಲ್ಬಿನ ಅರ್ತ್ ತುದಿಗೂ ಬ್ಯಾಟರಿಯ ಮೈನಸ್‌ಗೂ ನಡುವೆ 0.1 ವೋಲ್ಟ್ ಆಸುಪಾಸು ಇದ್ದರೆ ಚಿಂತೆಯಿಲ್ಲ, 1 ವೋಲ್ಟ್ ಬಂದರೆ ಕಳ್ಳ ಅದೇ ದಾರಿಯಲ್ಲಿದ್ದಾನೆ.

ಸ್ಟೇರಿಂಗ್ ಗುಂಡಿಗಳ ಕಥೆ ಬೇರೆ. ಬಹಳ ಕಾರುಗಳಲ್ಲಿ ಸೆಟ್, ರೆಸ್ಯೂಮ್, ಕ್ಯಾನ್ಸಲ್ ಎಲ್ಲಕ್ಕೂ ಒಂದೇ ವೈರ್, ಗುಂಡಿಗೊಂದು ರೆಸಿಸ್ಟರ್. ಕಾಂಟ್ಯಾಕ್ಟ್ ಕಿಲುಬು ಹಿಡಿದು ಒಂದಷ್ಟು ಓಮ್ ಸೇರಿಕೊಂಡರೆ, ಒತ್ತಿದ್ದು ಯಾವ ಗುಂಡಿಯೆಂದೇ ಕಂಪ್ಯೂಟರಿಗೆ ತಿಳಿಯದು. ಕ್ರೂಸ್ ಜೊತೆಗೆ ಹಾರ್ನ್ ಹೋಗಿ ಏರ್‌ಬ್ಯಾಗ್ ದೀಪವೂ ಹೊತ್ತಿದ್ದರೆ ಸ್ಟೇರಿಂಗ್ ಒಳಗೆ ಸುರುಳಿ ಸುತ್ತಿದ ಕೇಬಲ್ ಹರಿದಿರುತ್ತದೆ. ಅಲ್ಲಿಗೆ ಮಾತ್ರ ಮಲ್ಟಿಮೀಟರ್ ಹಿಡಿದು ಹೋಗಬೇಡಿ, ಏರ್‌ಬ್ಯಾಗ್ ಆಟದ ಸಾಮಾನಲ್ಲ.

ಉಳಿದವು ಬೇಗ ಮುಗಿಯುತ್ತವೆ. ಬ್ಯಾಟರಿ ಬಿಚ್ಚಿ ಹತ್ತು ನಿಮಿಷ ಬಿಟ್ಟರೆ ಸರಿಹೋಗುತ್ತದಂತೆ: ಹೋಗುವುದು ಕೋಡ್, ದೋಷ ಅಲ್ಲೇ ಇರುತ್ತದೆ. ಪದೇಪದೇ ಫ್ಯೂಸ್ ಹೋದರೆ ದೊಡ್ಡದು ಹಾಕಬೇಕಂತೆ: ಆಮೇಲೆ ಫ್ಯೂಸಿನ ಬದಲು ವೈರ್ ಸುಡುತ್ತದೆ. ಮಳೆಯಲ್ಲಿ ಕ್ರೂಸ್ ಹಾಕಿದರೆ ಕಾರು ಗಾಳಿಯಲ್ಲಿ ಹಾರುತ್ತದಂತೆ: ಮಳೆಯಲ್ಲಿ ಹಾಕದಿರುವುದು ಒಳ್ಳೆಯದೇ, ಹಾರುವುದು ಮಾತ್ರ ಫಾರ್ವರ್ಡ್ ಮೆಸೇಜುಗಳಲ್ಲಿ.

ಇನ್ನು ಕ್ರೂಸ್ ಹುಚ್ಚೆದ್ದು ಓಡುತ್ತದೆಂಬ ಭಯ. 2009ರ ಡಿಸೆಂಬರ್‌ನಲ್ಲಿ ಮೆಲ್ಬರ್ನ್‌ನ ಈಸ್ಟ್‌ಲಿಂಕ್ ಹೆದ್ದಾರಿಯಲ್ಲಿ ಕ್ರೂಸ್ ಬಿಡುತ್ತಿಲ್ಲವೆಂದು ಚಾಲಕರೊಬ್ಬರು ಪೊಲೀಸರಿಗೆ ಫೋನ್ ಮಾಡಿದ್ದು ದೊಡ್ಡ ಸುದ್ದಿಯಾಯಿತು, ಇಂದಿಗೂ ಅದನ್ನೇ ಹೇಳುತ್ತಾರೆ. ಅದೇ ವರ್ಷದವರೆಗೆ ಅಮೆರಿಕದಲ್ಲಿ ಫೋರ್ಡ್ ಹಂತಹಂತವಾಗಿ 1.4 ಕೋಟಿಗೂ ಹೆಚ್ಚು ವಾಹನಗಳನ್ನು ಕ್ರೂಸ್‌ನ ಒಂದು ಸ್ವಿಚ್ಚಿಗಾಗಿ ವಾಪಸ್ ಕರೆಸಿದ್ದು ಯಾರ ಬಾಯಲ್ಲೂ ಇಲ್ಲ. ಅಲ್ಲಿ ಕಾರುಗಳು ಓಡಿಹೋಗಲಿಲ್ಲ. ಬ್ರೇಕ್ ದ್ರವ ಸ್ವಿಚ್ಚಿನೊಳಗೆ ಸೋರಿ, ಕೀ ತೆಗೆದರೂ ಕರೆಂಟ್ ಇರುತ್ತಿದ್ದ ಆ ಸ್ವಿಚ್ ನಿಂತ ಕಾರಿಗೇ ಬೆಂಕಿ ಹಚ್ಚುತ್ತಿತ್ತು. ರೋಚಕವಾದುದನ್ನು ನಂಬುವಷ್ಟು ಸಲೀಸಾಗಿ ನಮ್ಮ ಜನ ನಿಜವನ್ನು ನಂಬುವುದಿಲ್ಲ. ಬಾಳೆಹಣ್ಣಿನ ಬೆಲೆಗೆ ಮೂರು ಅಂಗಡಿ ಸುತ್ತುವವರು, ಡಾಂಗಲ್ ಹೇಳಿತೆಂದು 400 ಡಾಲರ್ ತೆಗೆದುಕೊಡುತ್ತಾರೆ.

ಡೀಲರ್ ಹತ್ತಿರವೇ ಹೋಗಬೇಕೆಂಬುದೂ ಹಳೆಯ ಮಾತು. 2022ರ ಜುಲೈ 1ರಿಂದ ಇಲ್ಲಿ ಕಾರು ಕಂಪನಿಗಳು ಸರ್ವಿಸ್ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೂ ಮಾರಲೇಬೇಕು. ಸಿಡ್ನಿಯಲ್ಲಿ ಕಾರು ರಿಪೇರಿಗೆ ಲೈಸೆನ್ಸ್ ಕಡ್ಡಾಯ, ಮೆಲ್ಬರ್ನ್‌ನಲ್ಲಿ ಆ ಕಟ್ಟಳೆಯಿಲ್ಲ. ಹಾಗಾಗಿ ಎಲ್ಲೇ ಹೋದರೂ ಆಟೋ ಎಲೆಕ್ಟ್ರಿಷಿಯನ್‌ಗೆ ಒಂದು ಪ್ರಶ್ನೆ ಹಾಕಿ: ಕೋಡ್ ಓದಿದ ಮೇಲೆ ಏನನ್ನು ಅಳೆದಿರಿ, ಎಷ್ಟು ವೋಲ್ಟ್ ಬಂತು? ಉತ್ತರದಲ್ಲಿ ಅಂಕಿಯಿಲ್ಲದೆ ಬರೀ ಪಾರ್ಟಿನ ಹೆಸರಿದ್ದರೆ ಕಾರಿನ ಕೀ ವಾಪಸ್ ಇಸಿದುಕೊಂಡು ಬನ್ನಿ.