ಲಂಡನ್ನಿನಿಂದ ಕಲ್ಕತ್ತೆಗೆ ಬಸ್ಸು

ಲಂಡನ್ನಿನಿಂದ ಕಲ್ಕತ್ತೆಗೆ ಬಸ್ಸಿನಲ್ಲಿ ಬರಬಹುದಾಗಿದ್ದಿತೆಂದರೆ ನಂಬುವವರು ವಿರಳ. ಆದರೂ ಅದು ನಡೆದ ಸಂಗತಿ. ‘ಇಂಡಿಯಾಮನ್’ ಎಂಬ ಬಸ್ಸು 20 ಮಂದಿ ಪ್ರಯಾಣಿಕರೊಡನೆ 1957ರ ಏಪ್ರಿಲ್ 15ರಂದು ಲಂಡನ್ನನ್ನು ಬಿಟ್ಟಿತು. ಫ್ರಾನ್ಸ್, ಇಟಲಿ, ಯುಗೋಸ್ಲಾವಿಯ, ಬಲ್ಗೇರಿಯ, ತುರ್ಕಿ, ಇರಾನ್, ಪಾಕಿಸ್ತಾನಗಳನ್ನು ದಾಟಿ ಜೂನ್ 5ರಂದು ಕಲ್ಕತ್ತೆಯನ್ನು ಸೇರಿತು.

ಬರುವುದಕ್ಕೆ 85 ಪೌಂಡು, ಹಿಂದಿರುಗುವುದಕ್ಕೆ 65 ಪೌಂಡು ದರ. ವಿಮಾನದ ಟಿಕೆಟ್ಟು ಕೈಗೆಟುಕದವರಿಗೆ ಇದೊಂದು ವರವೇ ಸರಿ. ಆದರೆ ಹಣದಲ್ಲಿ ಉಳಿದುದನ್ನು ಕಾಲದಲ್ಲಿ ತೆರಬೇಕಾಗಿದ್ದಿತು: ಒಮ್ಮುಖದ ಪಯಣಕ್ಕೇ 50 ದಿನಗಳಿಗೆ ಮಿಕ್ಕಿ! ಪ್ರತಿಯಾಗಿ, ವಿಮಾನದವರಿಗೆ ಮೋಡದಡಿ ಮರೆಯಾಗುವ ಬೆಟ್ಟ, ಮರುಭೂಮಿ, ಸಂತೆಗಳೆಲ್ಲ ಬಸ್ಸಿನವರಿಗೆ ಕಿಟಕಿಯ ಬದಿಯಲ್ಲಿಯೇ ಕಾಣಸಿಗುತ್ತಿದ್ದವು.

ಇಂತಹ ಹಾದಿಗೆ ಒಳ್ಳೆಯ ಎಂಜಿನ್ ಒಂದೇ ಸಾಲದು. ನಡುವಿನ ಪ್ರತಿಯೊಂದು ದೇಶವೂ ಬಾಗಿಲು ತೆರೆದಿರಬೇಕು. ಮುಂದಿನ ವರ್ಷಗಳಲ್ಲಿ ಅನೇಕ ಬಸ್ಸುಗಳು ಇರಾನ್, ಆಫ್ಘಾನಿಸ್ತಾನಗಳ ಮೂಲಕ ಭಾರತಕ್ಕೆ ಬಂದುವು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು; ಆ ವರ್ಷದ ಕೊನೆಗೆ ಸೋವಿಯತ್ ಸೇನೆ ಆಫ್ಘಾನಿಸ್ತಾನವನ್ನು ಹೊಕ್ಕಿತು. ಅಲ್ಲಿಗೆ ಆ ಹಾದಿ ಕಡಿದುಬಿದ್ದಿತು. ಅಗ್ಗದ ಪ್ರಯಾಣಕ್ಕೆ ನಿಜವಾದ ಬಂಡವಾಳ ದೇಶ ದೇಶಗಳ ನಡುವಣ ನೆಮ್ಮದಿಯೇ ಹೊರತು ಪೆಟ್ರೋಲಲ್ಲ.