ಮೌನವು ಎಲ್ಲೆಡೆಯೂ ಬಂಗಾರವಲ್ಲ

ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಯು ನಮ್ಮ ಜನರ ಬಾಯಲ್ಲಿ ಬಹುಕಾಲದಿಂದ ನೆಲೆಸಿರುವುದು. ಜಗಳಗಂಟನಿಗೂ ಚಾಡಿಕೋರನಿಗೂ ಅದು ಒಳ್ಳೆಯ ಬುದ್ಧಿವಾದವೇ ಸರಿ. ಆದರೆ ಸಾವಿರಾರು ಮಂದಿಯ ಅನ್ನದ ಕೀಲಿಕೈಯನ್ನು ಹಿಡಿದವನು, ಆ ಅನ್ನಕ್ಕೆ ಕುಂದು ಬರುವ ಕಾಲದಲ್ಲಿ ಬಾಯಿ ಮುಚ್ಚಿ ಕುಳಿತರೆ, ಅದನ್ನು ಬಂಗಾರವೆಂದು ಕರೆಯಲು ನಮ್ಮ ಮನಸ್ಸು ಒಪ್ಪದು. ಕಾರ್ಖಾನೆಗಳಲ್ಲಿಯೂ ಕಂಪೆನಿಗಳಲ್ಲಿಯೂ ಕೆಲಸಗಾರರನ್ನು ಕಡಮೆ ಮಾಡುವ ಪ್ರಸಂಗಗಳು ಮೇಲಿಂದ ಮೇಲೆ ಒದಗುತ್ತಿರುವುವು. ಕೆಲಸ ಹೋಗುವುದು ಒಂದು ದುಃಖ. ಹೋಗುವುದೋ ಉಳಿಯುವುದೋ ಎಂಬುದನ್ನು ಹೇಳಬೇಕಾದವರು ಹೇಳದಿರುವುದು ಅದಕ್ಕಿಂತ ಮಿಗಿಲಾದ ದುಃಖ. ಮೊದಲನೆಯದನ್ನು ಕೆಲವು ವೇಳೆ ತಪ್ಪಿಸಲಾಗದು. ಎರಡನೆಯದನ್ನು ಯಾವಾಗಲೂ ತಪ್ಪಿಸಬಹುದು.

ಹಾಸನವು ಬೇಸಾಯದ ಸೀಮೆ, ಇಲ್ಲಿ ಕಾರ್ಖಾನೆಯ ಮಾತೇಕೆ ಎಂದು ಕೆಲವರು ಕೇಳಬಹುದು. ಹಾಸನದ ಆಲೂಗೆಡ್ಡೆ, ಅರಕಲಗೂಡಿನ ಹೊಗೆಸೊಪ್ಪು, ಚನ್ನರಾಯಪಟ್ಟಣದ ತೆಂಗು, ಹೊಳೆನರಸೀಪುರದ ಬತ್ತ ಇವುಗಳಿಂದ ಈ ನಾಲ್ಕು ತಾಲ್ಲೂಕುಗಳು ಹೆಸರಾಗಿರುವುದು ದಿಟ. ಆದರೆ ಇಂದು ಇಲ್ಲಿನ ಎಷ್ಟೋ ಮನೆಗಳ ಒಲೆಯು ಬೆಳೆಯೊಂದರಿಂದಲೇ ಉರಿಯುತ್ತಿಲ್ಲ. ಮಗನು ಬೆಂಗಳೂರಿನ ಕಂಪೆನಿಯಲ್ಲಿರುವನು. ಮಗಳು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಯುವಳು. ತಿಂಗಳ ಮೊದಲ ವಾರದಲ್ಲಿ ಬರುವ ಹಣದಿಂದ ಸಹಕಾರ ಸಂಘದ ಸಾಲದ ಕಂತು ತೀರುವುದು. ಹಾಸನದಿಂದ ಚನ್ನರಾಯಪಟ್ಟಣ, ಶ್ರವಣಬೆಳಗೊಳಗಳ ಮೇಲೆ ಬೆಂಗಳೂರಿಗೆ ಹೋಗುವ ರೈಲುಮಾರ್ಗವು 2017ರಲ್ಲಿ ಪೂರ್ಣವಾಗಿ ತೆರೆದ ಮೇಲೆ ನಗರವು ಇನ್ನಷ್ಟು ಹತ್ತಿರವಾಯಿತು. ನಗರವು ಹತ್ತಿರವಾದಂತೆ ಅದರ ಕಷ್ಟವೂ ಹತ್ತಿರವಾಯಿತು. ಪೀಣ್ಯದಲ್ಲಿ ಗೇಟು ಮುಚ್ಚಿದರೆ ಅದರ ಸದ್ದು ಕೋಣನೂರಿನ ಜಗುಲಿಗೂ ಕೇಳಿಸುವುದು.

ಇಲ್ಲಿನ ರೈತನಿಗೆ ನಡೆಯುವ ಒಂದು ಮರ್ಯಾದೆಯನ್ನು ವಾಚಕರು ಗಮನಿಸಬೇಕು. ಗೊರೂರಿನ ಜಲಾಶಯದಲ್ಲಿ ನೀರು ಸಾಲದೆ ಬಂದ ವರ್ಷ, ನೀರಾವರಿ ಸಲಹಾ ಸಮಿತಿಯವರು ಸಭೆ ಸೇರಿ ಹೇಮಾವತಿಯ ನಾಲೆಗಳಿಗೆ ಎಷ್ಟು ನೀರು ಬಿಡುವುದೆಂಬುದನ್ನು ತೀರ್ಮಾನಿಸಿ ಸಾರುವರು. ಬತ್ತಕ್ಕೆ ನೀರಿಲ್ಲವೆಂದರೆ ರೈತನು ಶಪಿಸುವನು, ಪ್ರತಿಭಟಿಸುವನು. ಆದರೆ ಒಟ್ಲು ಹಾಕದೆ ರಾಗಿಯನ್ನೋ ಹುರುಳಿಯನ್ನೋ ಬಿತ್ತುವನು. ಹೊಗೆಸೊಪ್ಪಿನ ಬೆಳೆಗಾರನಿಗೂ ರಾಜ್ಯದ ಬೆಳೆಯ ಮಿತಿ ಎಷ್ಟೆಂಬುದನ್ನು ತಂಬಾಕು ಮಂಡಳಿಯವರು ಗೊತ್ತುಮಾಡುವರು. ರಾಮನಾಥಪುರದ ಮಾರುಕಟ್ಟೆಯಲ್ಲಿ ಧಾರಣೆಯು ಬೆಳೆಗಾರನ ಎದುರಿನಲ್ಲಿಯೇ ಗೊತ್ತಾಗುವುದು. ಇಲ್ಲವೆಂಬ ಮಾತೂ ಸಕಾಲದಲ್ಲಿ ಬಂದರೆ ಒಂದು ಉಪಕಾರವೇ. ಅದು ಮುಂದಿನ ದಾರಿಯನ್ನು ಹುಡುಕಲು ಕಾಲಾವಕಾಶವನ್ನು ಕೊಡುವುದು. ರೈತನಿಗೆ ಸಲ್ಲುವ ಈ ಮುನ್ಸೂಚನೆಯು ಅವನ ಮಗಳಿಗೆ ಕಾರ್ಖಾನೆಯಲ್ಲಿ ಸಲ್ಲದಿರುವುದೇಕೆ?

ನೆರೆಯ ಶ್ರೀರಂಗಪಟ್ಟಣದಲ್ಲಿ 2020ರಲ್ಲಿ ನಡೆದುದನ್ನು ನೆನೆಯೋಣ. ಅಲ್ಲಿ ಗೋಕಲದಾಸ್ ಎಕ್ಸ್‌ಪೋರ್ಟ್ಸ್ ಕಂಪೆನಿಗೆ ಸೇರಿದ ಯೂರೋ ಕ್ಲೋತಿಂಗ್ ಕಂಪೆನಿ-2 ಎಂಬ ಉಡುಪಿನ ಕಾರ್ಖಾನೆಯಿದ್ದಿತು. ಸ್ವೀಡನ್ ದೇಶದ ಎಚ್ ಅಂಡ್ ಎಂ ವ್ಯಾಪಾರಸಂಸ್ಥೆಗೆ ಅಲ್ಲಿ ಉಡುಪುಗಳು ಸಿದ್ಧವಾಗುತ್ತಿದ್ದುವು. ಕೋವಿಡ್ ಪಿಡುಗಿನಿಂದ ಬೇಡಿಕೆ ಕುಗ್ಗಿತೆಂದು ಜೂನ್ ತಿಂಗಳ ಮೊದಲ ವಾರದಲ್ಲಿ 1200ಕ್ಕೂ ಮಿಕ್ಕಿದ ಕಾರ್ಮಿಕರಿಗೆ ಲೇ-ಆಫ್ ಘೋಷಿಸಲಾಯಿತು. ಅವರಲ್ಲಿ ಬಹುಮಂದಿ ಹೆಂಗಸರು. ಯಂತ್ರಗಳನ್ನು ಸಾಗಿಸುತ್ತಿರುವರೆಂದೂ, ಸರ್ಕಾರದ ಪೂರ್ವಾನುಮತಿಯನ್ನು ಪಡೆದಿಲ್ಲವೆಂದೂ ಕಾರ್ಮಿಕರ ಸಂಘದವರು ಆಕ್ಷೇಪಿಸಿದರು. ಮಾರಿಗೂ ಮಳೆಗೂ ಅಂಜದೆ ಆ ಹೆಂಗಸರು ವಾರಗಟ್ಟಲೆ ಗೇಟಿನ ಬಳಿ ಕುಳಿತರು. ಕೊನೆಗೆ 2021ರ ಆದಿಯಲ್ಲಿ ಕಂಪೆನಿಯವರೂ ಸಂಘದವರೂ ಒಪ್ಪಂದ ಮಾಡಿಕೊಂಡು, ಮರಳಿ ಕೆಲಸ ಕೊಡುವ ಮಾತಾಯಿತು. ಬೇಡಿಕೆ ಕುಗ್ಗಿದುದು ಸುಳ್ಳೆಂದು ನಾವು ಹೇಳುವುದಿಲ್ಲ. ಆ ವರ್ಷ ಲೋಕವೆಲ್ಲವೂ ಬಾಗಿಲು ಹಾಕಿದ್ದಿತು. ಆದರೆ ಎಂಟು ತಿಂಗಳ ಮೇಲೆ ಒಂದೇ ಮೇಜಿನ ಸುತ್ತ ಆಡಿದ ಮಾತನ್ನು ಮೊದಲ ದಿನವೇ ಆಡಿದ್ದರೆ, ಆ ಸಂಸಾರಗಳು ಪಟ್ಟ ಪಾಡಿನಲ್ಲಿ ಎಷ್ಟೋ ಭಾಗ ತಪ್ಪುತ್ತಿದ್ದಿತು.

ಖಾಸಗಿ ಧಣಿಗಳನ್ನು ಮಾತ್ರ ದೂರಿ ಸರ್ಕಾರದವರನ್ನು ಬಿಡುವುದು ನ್ಯಾಯವಲ್ಲ. ಬೆಂಗಳೂರಿನಲ್ಲಿ 1953ರಲ್ಲಿ ಸ್ಥಾಪಿತವಾದ ಎಚ್.ಎಂ.ಟಿ. ಸಂಸ್ಥೆಯು 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ ಕೈಗಡಿಯಾರಗಳ ತಯಾರಿಕೆಗೆ ತೊಡಗಿತು. ತುಮಕೂರಿನಲ್ಲಿಯೂ ಗಡಿಯಾರದ ಕಾರ್ಖಾನೆ ಎದ್ದಿತು. ನಮ್ಮ ಹಿರಿಯರು ಮದುವೆಯಲ್ಲಿ ಪಡೆದ ಗಡಿಯಾರವು ಸ್ವತಂತ್ರ ದೇಶದ ಕೈಕೆಲಸವೆಂಬ ಹೆಮ್ಮೆಯ ಗುರುತಾಗಿದ್ದಿತು. ಈ ಗಡಿಯಾರದ ಕಂಪೆನಿಯನ್ನು ಮುಚ್ಚುವರೆಂಬ ಸುದ್ದಿಯು 2014ರಲ್ಲಿಯೇ ಪತ್ರಿಕೆಗಳಲ್ಲಿ ಹರಡಿತು. ಕೇಂದ್ರ ಮಂತ್ರಿಮಂಡಲದ ನಿರ್ಣಯವು ಹೊರಬಿದ್ದುದು 2016ರ ಜನವರಿಯಲ್ಲಿ. ಈ ನಡುವಣ ಕಾಲವನ್ನು ನೌಕರನು ಹೇಗೆ ಕಳೆದಿರಬೇಕು? ದೇಶಕ್ಕೆ ಹೊತ್ತು ತೋರಿಸಿದವರಿಗೆ ತಮ್ಮ ಹೊತ್ತು ಮುಗಿಯಿತೆಂಬುದು ಮಾತ್ರ ತಿಳಿಯದೆ ಹೋಯಿತು. ಕೋಲಾರದ ಚಿನ್ನದ ಗಣಿಯ ಕಥೆಯೂ ಇದಕ್ಕಿಂತ ಬೇರೆಯಲ್ಲ. ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯನ್ನು 1992ರಲ್ಲಿಯೇ ರೋಗಗ್ರಸ್ತ ಉದ್ಯಮಗಳ ಮಂಡಳಿಯ ಮುಂದೆ ತಂದಿದ್ದರು; ಗಣಿಗಳು ಮುಚ್ಚಿದುದು 2001ರ ಫೆಬ್ರವರಿಯ ಕೊನೆಯಲ್ಲಿ. ಇಂದು ಮುಚ್ಚುವರು, ನಾಳೆ ಮುಚ್ಚುವರು ಎಂಬ ಆತಂಕದಲ್ಲಿಯೇ ಗಣಿಯ ಮಕ್ಕಳು ಬೆಳೆದು ದೊಡ್ಡವರಾದರು.

ವಿದ್ಯಾವಂತರಿಗೆ ಈ ಗತಿಯಿಲ್ಲವೆಂದು ಭಾವಿಸುವುದೂ ಭ್ರಮೆ. ಮೈಸೂರಿನ ಇನ್ಫೋಸಿಸ್ ಕಂಪೆನಿಯವರು 2025ರ ಫೆಬ್ರವರಿಯಲ್ಲಿ 300ಕ್ಕೂ ಹೆಚ್ಚು ತರಬೇತಿಯ ತರುಣರನ್ನು ಬಿಡುಗಡೆ ಮಾಡಿದರು. ಮೂರು ಸಲ ಅವಕಾಶ ಕೊಟ್ಟರೂ ಒಳಪರೀಕ್ಷೆಯಲ್ಲಿ ಉತ್ತೀರ್ಣರಾಗಲಿಲ್ಲವೆಂದೂ, ಈ ನಿಬಂಧನೆಯು ಕರಾರಿನಲ್ಲಿಯೇ ಇದ್ದಿತೆಂದೂ ಕಂಪೆನಿಯವರು ಉತ್ತರ ಕೊಟ್ಟರು. ಕಾರ್ಮಿಕ ಇಲಾಖೆಯವರು ವಿಚಾರಣೆ ನಡೆಸಿದರು. ಕರಾರಿನ ಪ್ರಶ್ನೆಯನ್ನು ಕಾನೂನು ಬಲ್ಲವರಿಗೆ ಬಿಡೋಣ. ನಮ್ಮ ವ್ಯಸನವು ಬೇರೆಯದು. ಅವರಲ್ಲಿ ಹಲವರು 2022ರಲ್ಲಿ ಆಯ್ಕೆಯಾಗಿ, ಎರಡು ವರ್ಷಗಳ ಕಾಲ ಕರೆಗಾಗಿ ಕಾದು ಕುಳಿತವರು. ಕಾಯಿಸುವವನ ಎರಡು ವರ್ಷಗಳೂ ಕಾಯುವವನ ಎರಡು ವರ್ಷಗಳೂ ಒಂದೇ ಅಳತೆಯವಲ್ಲ.

ಧಣಿಗಳ ಪಕ್ಷದ ವಾದವನ್ನೂ ಕೇಳಬೇಕಾದುದು ಯುಕ್ತ. ಸಂಕಟವನ್ನು ಮೊದಲೇ ಹೊರಗೆಡಹಿದರೆ ಬ್ಯಾಂಕಿನವರು ಸಾಲವನ್ನು ಹಿಡಿಯುವರು, ಗಿರಾಕಿಗಳು ಬೇರೆಡೆಗೆ ಸರಿಯುವರು, ನುರಿತ ಕೆಲಸಗಾರರು ಮೊದಲೇ ಹೊರಡುವರು, ಗಲಭೆಯಾಗುವುದು ಎಂಬುದು ಅವರ ಅಂಜಿಕೆ. ಇದರಲ್ಲಿ ನಿಜಾಂಶವಿಲ್ಲದಿಲ್ಲ. ಆದರೆ ಮೌನದಿಂದ ಇವು ತಪ್ಪುವುವೇ? ಒಡೆಯನು ಸುಮ್ಮನಿದ್ದ ಕಡೆ ಗಾಳಿಮಾತು ಒಡೆತನ ಮಾಡುವುದು. ಪಾಳಿಯ ಮೇಸ್ತ್ರಿಯನ್ನು ಕೇಳಿದರೆ ಮೇಲಿನವರನ್ನು ತೋರಿಸುವನು. ಮೇಲಿನವರನ್ನು ಕೇಳಿದರೆ ಬೆಂಗಳೂರನ್ನೋ ಮುಂಬಯಿಯನ್ನೋ ತೋರಿಸುವರು. ನುರಿತವನು ಆಗಲೂ ಹೊರಡುವನು. ಬೇರೆ ದಾರಿಯಿಲ್ಲದವನು ಮಾತ್ರ ಉಳಿದು, ಕೆಲಸದಲ್ಲಿ ಮನಸ್ಸಿಲ್ಲದೆ ದಿನ ಕಳೆಯುವನು. ಕೆಟ್ಟ ಸುದ್ದಿಗಿಂತ ಮೊದಲು ನಂಬಿಕೆಯು ಸಾಯುವುದು. ನಂಬಿಕೆ ಸತ್ತ ಮೇಲೆ ಆಡುವ ಸತ್ಯಕ್ಕೂ ಬೆಲೆಯಿರದು.

ಇದಕ್ಕೆ ಪ್ರತಿಯಾದ ಮಾರ್ಗವನ್ನು ನಮ್ಮ ರಾಷ್ಟ್ರೀಯ ಹೋರಾಟವೇ ತೋರಿಸಿರುವುದು. ಅಹಮದಾಬಾದಿನಲ್ಲಿ 1918ರಲ್ಲಿ ಪ್ಲೇಗಿನ ಕಾಲದ ಭತ್ಯವನ್ನು ನಿಲ್ಲಿಸಿದಾಗ ಗಿರಣಿಯ ಕೆಲಸಗಾರರಿಗೂ ಮಾಲೀಕರಿಗೂ ವ್ಯಾಜ್ಯ ಹುಟ್ಟಿತು. ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ; ಕೆಲಸಗಾರರ ಪಕ್ಷದಲ್ಲಿ ನಿಂತವರು ಅವರ ಅಕ್ಕ ಅನಸೂಯಾಬೆನ್. ಗಾಂಧೀಜಿಯವರು ಕೂಲಿಯ ಸ್ಥಿತಿಗತಿಗಳನ್ನು ವಿಚಾರಿಸಿ, ನೂರಕ್ಕೆ 35ರ ಹೆಚ್ಚಳವು ನ್ಯಾಯವೆಂದು ಗೊತ್ತುಮಾಡಿದರು. ಗಿರಣಿಗಳು ಬಾಗಿಲು ಹಾಕಿದ ದಿನಗಳಲ್ಲಿ ಸಾಬರಮತಿಯ ದಂಡೆಯ ಜಾಲಿಯ ಮರದಡಿಯಲ್ಲಿ ಪ್ರತಿದಿನವೂ ಸಭೆ ಸೇರಿಸಿ, ಕೈಪತ್ರಗಳನ್ನು ಹಂಚಿ, ನಡೆದುದನ್ನೆಲ್ಲ ಕೆಲಸಗಾರರಿಗೆ ಬಿಡಿಸಿ ಹೇಳಿದರು. ಕೊನೆಗೆ ವ್ಯಾಜ್ಯವು ಪಂಚಾಯಿತಿಯಿಂದ ತೀರಿತು. ಹಸಿದವರ ಮುಂದೆ ದಿನವೂ ನಿಂತು ಮಾತಾಡುವುದು ಸುಲಭದ ಕೆಲಸವಲ್ಲ. ಮುಂದಾಳುತನವೆಂದರೆ ಆ ಸುಲಭವಲ್ಲದ ಕೆಲಸವೇ.

ಕಾನೂನು ಇರುವಾಗ ನೀತಿಯ ಮಾತೇಕೆ ಎನ್ನುವವರಿಗೆ ಒಂದು ಮಾತು. 1947ರ ಕೈಗಾರಿಕಾ ವಿವಾದಗಳ ಕಾಯಿದೆಗೆ ತರುವಾಯ ಸೇರಿಸಿದ ವಿಧಿಗಳಂತೆ, 100 ಅಥವಾ ಹೆಚ್ಚು ಕೆಲಸಗಾರರುಳ್ಳ ಕಾರ್ಖಾನೆ, ಗಣಿ, ತೋಟಗಳಲ್ಲಿ ಲೇ-ಆಫ್‌ಗೂ ಕೆಲಸದಿಂದ ತೆಗೆಯುವುದಕ್ಕೂ ಸಾಮಾನ್ಯವಾಗಿ ಸರ್ಕಾರದ ಪೂರ್ವಾನುಮತಿ ಬೇಕಾಗಿದ್ದಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯು ಈ ಮೇರೆಯನ್ನು 300ಕ್ಕೆ ಏರಿಸಿರುವುದು. ಕೆಲಸದಿಂದ ತೆಗೆದವನಿಗೆ ಹೊಸ ಕಸುಬನ್ನು ಕಲಿಯಲು ಹದಿನೈದು ದಿನಗಳ ವೇತನದಷ್ಟು ಹಣ ಸಲ್ಲಬೇಕೆಂದೂ ಅದು ವಿಧಿಸಿರುವುದು, ಇದು ಮೆಚ್ಚತಕ್ಕುದೇ. ಆದರೆ ಇನ್ನೂರು ಮಂದಿ ದುಡಿಯುವ ಕಾರ್ಖಾನೆಯ ಒಡೆಯನು ಇನ್ನು ಮುಂದೆ ಅನುಮತಿಗಾಗಿ ಸರ್ಕಾರದ ಮುಂದೆ ನಿಲ್ಲಬೇಕಾದುದಿಲ್ಲ. ಕಾನೂನು ಹಿಂದೆ ಸರಿದ ಕಡೆ ಒಡೆಯನ ಮಾತು ಮುಂದೆ ಬರಬೇಕು. ಬಾರದಿದ್ದರೆ ಕೆಲಸಗಾರನಿಗೆ ಉಳಿಯುವುದು ಬೀದಿಯೊಂದೇ.

ಆದುದರಿಂದ ನಮ್ಮ ಬಿನ್ನಹವು ಸರಳವಾದುದು. ಸಂಕಟವು ಕಂಡ ಕೂಡಲೆ ಸಂಸ್ಥೆಯ ಮುಖ್ಯಸ್ಥರು ತಾವೇ ಕೆಲಸಗಾರರ ಮುಂದೆ ನಿಂತು ಇದ್ದುದನ್ನು ಇದ್ದಂತೆ ಹೇಳತಕ್ಕದ್ದು. ಈ ಹೊರೆಯನ್ನು ಮೇಸ್ತ್ರಿಯ ತಲೆಗಾಗಲಿ ಗೋಡೆಯ ನೋಟೀಸಿಗಾಗಲಿ ಹೊರಿಸತಕ್ಕದ್ದಲ್ಲ. ಎಷ್ಟು ಮಂದಿ, ಯಾವ ದಿನ, ಯಾವ ಕ್ರಮದಲ್ಲಿ, ಎಷ್ಟು ಹಣ ಎಂಬ ನಾಲ್ಕು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಕೊಡತಕ್ಕದ್ದು. ಇನ್ನೂ ತೀರ್ಮಾನವಾಗಿಲ್ಲವೆಂದರೆ, ಯಾವ ದಿನ ತೀರ್ಮಾನವಾಗುವುದೆಂಬುದನ್ನಾದರೂ ಹೇಳತಕ್ಕದ್ದು. ಕಾರ್ಮಿಕ ಇಲಾಖೆಯ ಅಧಿಕಾರಿಗಳು ದೂರು ಬರುವವರೆಗೆ ಕಾಯದೆ ಗೇಟಿನವರೆಗೆ ಹೋಗಬೇಕು. ಕಾರ್ಖಾನೆಯ ಪ್ರಾರಂಭೋತ್ಸವದಲ್ಲಿ ಹಾರ ಹಾಕಿಸಿಕೊಳ್ಳಲು ಬರುವ ಶಾಸಕರೂ ಮಂತ್ರಿಗಳೂ ಅದು ಮುಚ್ಚುವ ದಿನವೂ ಮುಖ ತೋರಿಸಬೇಕು. ಕೆಲಸಗಾರರೂ ಗಾಳಿಮಾತಿಗೆ ಕಿವಿಗೊಡದೆ, ಸಂಘದ ಮೂಲಕ ಪ್ರಶ್ನೆಗಳನ್ನು ಬರೆದು ಕೇಳಬೇಕು. ಕಲ್ಲೆಸೆತದಿಂದ ಸತ್ಯವು ಹೊರಬಾರದು.

ಹೇಮಾವತಿಯ ನಾಲೆಯಲ್ಲಿ ನೀರಿಲ್ಲವೆಂಬುದನ್ನು ಈ ಜಿಲ್ಲೆಯ ರೈತನು ತಡೆದುಕೊಂಡಿರುವನು. ಕೂಲಿಯಿಲ್ಲವೆಂಬುದನ್ನೂ ಅವನ ಮಕ್ಕಳು ತಡೆದುಕೊಳ್ಳಬಲ್ಲರು. ಆದರೆ ಹೇಳಿಸಿಕೊಳ್ಳುವುದಕ್ಕೂ ನೀವು ಯೋಗ್ಯರಲ್ಲವೆಂಬ ತಿರಸ್ಕಾರವನ್ನು ಅವರು ತಡೆದುಕೊಳ್ಳಲಾರರು, ತಡೆದುಕೊಳ್ಳಲೂ ಬಾರದು. ದುಡಿದ ಕೈಗೆ ಕೂಲಿಯು ಹೇಗೆ ಸಲ್ಲಬೇಕೋ, ಹಾಗೆಯೇ ಸಕಾಲದಲ್ಲಿ ಆಡಿದ ನಿಜವಾದ ಮಾತೂ ಸಲ್ಲಬೇಕು. ಅದು ದಾನವಲ್ಲ, ಬಾಕಿ.