ಪೆನ್ಸಿಲ್ ದಪ್ಪದ ಕೊಬ್ಬು

ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯಲ್ಲಿ, ಕಾಳಿಯ ಗರ್ಭಗುಡಿಯ ಬಾಗಿಲ ಎರಡೂ ಬದಿಗೆ ಬೇತಾಳಗಳು ನಿಂತಿವೆ. ಪಕ್ಕೆಲುಬು ಎಣಿಸಬಹುದಾದ ಆ ಕಲ್ಲಿನ ಮೈಗಳಲ್ಲಿ ಕೊಬ್ಬಿನ ಹನಿಯೂ ಇಲ್ಲ. ನಮ್ಮ ಬೆನ್ನೊಳಗೆ ಹಾಗಲ್ಲ.

ಬೆನ್ನಹುರಿಯ ಉದ್ದ ಸುಮಾರು 45 ಸೆಂಟಿಮೀಟರ್, ತೂಕ ಬರೀ 35 ಗ್ರಾಂನಷ್ಟು. 70 ಕಿಲೋ ಆಳಿನಲ್ಲಿ ಎರಡು ಸಾವಿರದಲ್ಲೊಂದು ಪಾಲು! ಅದರಿಂದ ಹೊರಡುವ 31 ಜೊತೆ ನರಗಳೇ ನಮ್ಮನ್ನು ನಡೆಸುತ್ತವೆ. ಸೊಂಟದ ಬಳಿ ಆ ನರಗಳಿರುವ ಕಾಲುವೆ ಮುಂದಿನಿಂದ ಹಿಂದಕ್ಕೆ 15ರಿಂದ 25 ಮಿಲಿಮೀಟರ್; ಹೆಚ್ಚುಕಮ್ಮಿ ಒಂದು ರೂಪಾಯಿ ನಾಣ್ಯದಗಲ. ಅದರಲ್ಲೇ ನರಗಳ ಚೀಲಕ್ಕೆ ಮೆತ್ತೆಯಂತೆ ಸ್ವಲ್ಪ ಕೊಬ್ಬೂ ಇರಬೇಕು. ಹೆರಿಗೆ ನೋವು ತಗ್ಗಿಸಲು ಎಪಿಡ್ಯೂರಲ್ ಮದ್ದು ಬಿಡುವುದು ಈ ಕೊಬ್ಬಿರುವ ಜಾಗಕ್ಕೇ.

ಆ ಮೆತ್ತೆ 6-7 ಮಿಲಿಮೀಟರ್ ಮೀರಿದರೆ, ಅಂದರೆ ಒಂದು ಪೆನ್ಸಿಲ್‌ನಷ್ಟು ದಪ್ಪವಾದರೆ, ವೈದ್ಯರು ಅದನ್ನು ಎಪಿಡ್ಯೂರಲ್ ಲಿಪೋಮಟೋಸಿಸ್ ಎನ್ನುತ್ತಾರೆ. ಕಾಲುವೆಯ ಮುಕ್ಕಾಲು ಪಾಲನ್ನು ಕೊಬ್ಬೇ ಆಕ್ರಮಿಸಿದರೆ ತೀವ್ರ ಹಂತ. ಎಂಆರ್‌ಐಯಲ್ಲಿ ನರಚೀಲ ಹಿಸುಕಿಹೋಗಿ ಇಂಗ್ಲಿಷಿನ ವೈ ಅಕ್ಷರದಂತೆ ಕಾಣುವುದುಂಟು. ನಾಲ್ಕು ಹೆಜ್ಜೆ ನಡೆದರೆ ಕಾಲು ಜೋಮು, ಕೂತರೆ ಹಗುರ. ವಯಸ್ಸಾಯಿತೆಂದು ಎಷ್ಟೋ ಮಂದಿ ಸುಮ್ಮನಾಗುತ್ತಾರೆ.

ಈ ಕಾಯಿಲೆಯ ಮೊದಲ ವೈದ್ಯಕೀಯ ವರದಿ ಬಂದದ್ದು 1975ರಲ್ಲಿ. ಮೂತ್ರಪಿಂಡ ಕಸಿಯ ನಂತರ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದ ರೋಗಿಯೊಬ್ಬರದು ಅದು. ದೀರ್ಘಕಾಲದ ಸ್ಟೀರಾಯ್ಡ್ ಇಂದಿಗೂ ಮುಖ್ಯ ಕಾರಣ, ಬೊಜ್ಜು ಇನ್ನೊಂದು. ದೇಹವೇ ಕಾರ್ಟಿಸಾಲ್ ಅತಿಯಾಗಿ ಸುರಿಸುವ ಕುಶಿಂಗ್ ಕಾಯಿಲೆಯಲ್ಲೂ ಇದು ಬರುತ್ತದೆ. ಕೆಲವರಲ್ಲಿ ಕಾರಣವೇ ಸಿಗದು. ಗಂಡಸರಲ್ಲಿ ಹೆಚ್ಚು.

ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಚಿಕಿತ್ಸೆ. ತೂಕ ಇಳಿದರೆ ಮೂಳೆಯ ಕಾಲುವೆಯೊಳಗಿನ ಕೊಬ್ಬೂ ಕರಗಬಲ್ಲದು, ಕತ್ತಿ ಮುಟ್ಟಿಸದೆಯೇ. ಅದರಿಂದ ಆಗದಿದ್ದಾಗ, ಕಾಲಿನ ಬಲ ಕುಗ್ಗುತ್ತಿದ್ದಾಗ, ಬೆನ್ನೆಲುಬಿನ ಹಿಂಬದಿಯ ಕಮಾನನ್ನು ತೆಗೆದು ಕೊಬ್ಬನ್ನು ಹೊರಹಾಕುತ್ತಾರೆ.

ಉಬ್ಬಸಕ್ಕೋ ಕೀಲುನೋವಿಗೋ ವರ್ಷಗಟ್ಟಲೆ ಗುಳಿಗೆ ನುಂಗುತ್ತಿದ್ದರೆ ಅದರಲ್ಲಿ ಸ್ಟೀರಾಯ್ಡ್ ಇದೆಯೇ ಎಂದು ವೈದ್ಯರನ್ನು ಕೇಳಿ. ಇದ್ದರೆ ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ, ಅದು ಪ್ರಾಣಕ್ಕೇ ಅಪಾಯ. ಅವರೇ ಹಂತಹಂತವಾಗಿ ತಗ್ಗಿಸಲಿ. ಕಾಲು ಸೋತು, ಮೂತ್ರ ತಡೆಯಲಾಗದೆ ಅಥವಾ ಕಟ್ಟಿಕೊಂಡು ಹೋದರೆ ಬೆಳಗಾಗುವವರೆಗೂ ಕಾಯದೆ ಆಸ್ಪತ್ರೆಗೆ ಹೊರಡಿ.